ಚಿತ್ರಪುಸ್ತಕಕ್ಕೆ ದೊಡ್ಡ ಪ್ರಶಸ್ತಿ ಕೊಡಬಹುದಾ?

ಮಣಿಪಾಲದ ಓದುಗ: ಅಮೆರಿಕದ ನ್ಯೂಬೆರಿ ಪದಕ 1922ರಿಂದ ಉಂಟು. ಮಕ್ಕಳ ಸಾಹಿತ್ಯಕ್ಕೆ ಅಲ್ಲಿ ಅದೇ ದೊಡ್ಡದು. ಹೆಚ್ಚಾಗಿ ಕಾದಂಬರಿಗಳೇ ಗೆಲ್ಲುತ್ತವೆ. 2016ರಲ್ಲಿ ಅದು ಮ್ಯಾಟ್ ಡೆ ಲಾ ಪೆನ್ಯಾ ಬರೆದ 'ಲಾಸ್ಟ್ ಸ್ಟಾಪ್ ಆನ್ ಮಾರ್ಕೆಟ್ ಸ್ಟ್ರೀಟ್' ಎಂಬ ತೆಳ್ಳಗಿನ ಚಿತ್ರಪುಸ್ತಕಕ್ಕೆ ಬಂತು. ನಮ್ಮ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವನ್ನೂ ಕನ್ನಡದ ಒಂದು ಚಿತ್ರಪುಸ್ತಕಕ್ಕೆ ಕೊಟ್ಟರೆ ಒಪ್ಪುತ್ತೀರಾ?

ಬಂಟ್ವಾಳದ ಮಾಷ್ಟ್ರು: ಇಲ್ಲ ಮಾರಾಯ್ರೆ. ಚಿತ್ರಕ್ಕೆ ಅಂತಲೇ ಅಲ್ಲಿ 1938ರಿಂದ ಕಾಲ್ಡೆಕಾಟ್ ಪದಕ ಉಂಟಲ್ವಾ? ಕಾದಂಬರಿ ಬರೆಯುವವರಿಗೆ ಇರುವ ಜಾಗವನ್ನೂ ಯಾಕೆ ಬಿಟ್ಟುಕೊಡಬೇಕು? ಪಂಜೆ ಮಂಗೇಶರಾಯರ ಪದ್ಯಗಳು ಇವತ್ತಿಗೂ ಮಕ್ಕಳ ಬಾಯಲ್ಲಿವೆ. ಅದು ಮಾತಿನ ಬಲದಿಂದ.

ಒಂದನೇ ಕ್ಲಾಸಿನ ಟೀಚರ್, ಉಡುಪಿ: ಮಾಷ್ಟ್ರೇ, ಪಂಜೆಯವರ ಪದ್ಯಗಳೂ ಪುಟ್ಟವೇ. ಮತ್ತೆ ಉದ್ದ ಯಾಕೆ ಅಳೆಯುವುದು? ನ್ಯೂಬೆರಿ ನಿಯಮದಲ್ಲಿ ಮಕ್ಕಳು ಅಂದರೆ 14 ವರ್ಷದವರೆಗೆ. ಐದು ವರ್ಷದವರೂ ಅದರೊಳಗೆ ಬಂದರು. ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳಿದ್ದಾರೆ. ಕನ್ನಡ ಅಕ್ಷರ ಇನ್ನೂ ಕೂಡಿಸಿ ಓದುತ್ತಾರೆ. ಆದರೆ ಚಿತ್ರ ನೋಡಿ, ಮುಂದೆ ಏನಾಗುತ್ತದೆ ಅಂತ ಜಗಳವನ್ನೇ ಆಡುತ್ತಾರೆ. ಅದು ಓದು ಅಲ್ವಾ? ಅಂಥ ಪುಸ್ತಕ ಬರೆಯುವುದು ಸುಲಭ ಅಂತ ದಯವಿಟ್ಟು ಹೇಳಬೇಡಿ. ಚಿತ್ರದಲ್ಲಿ ಇರುವುದನ್ನೇ ಮಾತಿನಲ್ಲೂ ಹೇಳಿದರೆ ಮಗು ಸುಮ್ನೆ ಪುಟ ಮಗುಚಿಬಿಡುತ್ತದೆ.

ಬಣ್ಣದ ಕೆಲಸ, ಮಂಗಳೂರು: ಚಿತ್ರ ಬರೆಯುವವನಾಗಿ ನನ್ನ ತಕರಾರು ಬೇರೆ. ನ್ಯೂಬೆರಿ ಪದಕ ಬರೆದವರಿಗೆ ಮಾತ್ರ. ತೀರ್ಪುಗಾರರು ಮುಖ್ಯವಾಗಿ ಬರಹ ನೋಡಬೇಕು. ಚಿತ್ರದಿಂದ ಪುಸ್ತಕ ಸೊರಗಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಬಹುದು ಅಂತ ನಿಯಮ. ಯಕ್ಷಗಾನದಲ್ಲಿ ವೇಷ, ಚೆಂಡೆ ಎರಡನ್ನೂ ಬಿಟ್ಟು, ಬರೀ ಪ್ರಸಂಗದ ಪುಸ್ತಕ ನೋಡಿ ಆಟ ಹೇಗಾಯಿತು ಅಂತ ಹೇಳಿದ ಹಾಗಾಯಿತು. 2016ರಲ್ಲಿ ಆ ಪುಸ್ತಕದ ಚಿತ್ರಕಾರ ಕ್ರಿಶ್ಚಿಯನ್ ರಾಬಿನ್ಸನ್ ಅವರಿಗೆ ಕಾಲ್ಡೆಕಾಟ್ ಆನರ್ (ಪದಕದ ನಂತರದ ಗೌರವ) ಆದರೂ ಸಿಕ್ಕಿತು. ನಮ್ಮ ಬಾಲ ಸಾಹಿತ್ಯ ಪುರಸ್ಕಾರದಲ್ಲಿ ಚಿತ್ರಕಾರರಿಗೆ ಅಂತ ಬೇರೆ ವಿಭಾಗವೇ ಇಲ್ಲ. ಚಿತ್ರಪುಸ್ತಕಕ್ಕೆ ಖಂಡಿತ ಕೊಡಿ. ಆದರೆ ಇಬ್ಬರ ಹೆಸರಿಗೂ ಕೊಡಿ.

ಬಂಟ್ವಾಳದ ಮಾಷ್ಟ್ರು: ಇಬ್ಬರಿಗೂ ಎಂಬುದು ನ್ಯಾಯ. ಬಾಲ ಸಾಹಿತ್ಯ ಪುರಸ್ಕಾರದ 50,000 ರೂಪಾಯಿಯನ್ನು ಅರ್ಧ ಮಾಡುವುದಲ್ಲ, ಇಬ್ಬರಿಗೂ ಪೂರ್ತಿ ಕೊಡಲಿ. ಆದರೆ ಅದಕ್ಕೆ ಬೇರೆಯೇ ವಿಭಾಗ ಮಾಡಲಿ.

ಒಂದನೇ ಕ್ಲಾಸಿನ ಟೀಚರ್, ಉಡುಪಿ: ಬೇರೆ ವಿಭಾಗ ಮಾಡಿದರೆ ಚಿಕ್ಕ ಮಕ್ಕಳ ಪುಸ್ತಕ ಯಾವತ್ತೂ ಎರಡನೇ ಸಾಲಿಗೇ ಹೋಗುತ್ತದೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಕಾದಂಬರಿಯ ಜೊತೆಗೇ ಇಟ್ಟು ನೋಡಲಿ. ತೀರ್ಪುಗಾರರಲ್ಲಿ ಒಬ್ಬರಾದರೂ ಚಿತ್ರ ಬಲ್ಲವರು ಇರಲಿ.