ತಗಡಿನ ತೂತಿನ ಬರ್ (ಕೊರೆದಾಗ ಅಂಚಿನಲ್ಲಿ ಉಳಿಯುವ ಲೋಹದ ಚೂಪು ಸಿಬಿರು) ತೆಗೆಯೋದು ಹೇಗೆ? ಸಹಾಯ ಬೇಕು

1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಶೀಟಿನಲ್ಲಿ 4 ಮಿ.ಮೀ.ನ 60 ತೂತು ಕೊರೆದಿದ್ದೇನೆ. ಮೇಲ್ಭಾಗ ಪರವಾಗಿಲ್ಲ. ಡ್ರಿಲ್ ಹೊರಬರುವ ಹಿಂಬದಿಯಲ್ಲಿ ಬರ್ ಎದ್ದು ನಿಂತಿದೆ, ಸುಮ್ನೆ ಕೈ ಸವರಿದರೂ ಕೊಯ್ಯುತ್ತದೆ (ಬೆರಳಿಗೆ ಆಗಲೇ ಪಟ್ಟಿ ಬಿದ್ದಿದೆ).

ಅರ ಹಾಕಿ ಉಜ್ಜಿದೆ. ಬರ್ ಹೋಗುವ ಬದಲು ತೂತಿನೊಳಕ್ಕೆ ಮಡಚಿಕೊಂಡಿತು, ಶೀಟಿನ ಮೇಲೆಲ್ಲ ಗೀರು ಬೇರೆ. 10 ಮಿ.ಮೀ. ಡ್ರಿಲ್ ಬಿಟ್ ಕೈಯಲ್ಲಿ ಹಿಡಿದು ಎರಡು ಸುತ್ತು ತಿರುಗಿಸಿದರೆ ನೀಟಾಗಿ ಹೋಗುತ್ತದೆ. ಆದರೆ 60 ತೂತಿಗೆ ಕೈ ಸೋತುಹೋಗುತ್ತದೆ ಅಲ್ವಾ? ಅದೇ ಬಿಟ್ಟನ್ನು ಮೆಷಿನ್‌ಗೆ ಹಾಕಿದೆ. ಗಡಗಡ ಅದುರಿ ಒಂದು ತೂತು ಮೂರು ಮೂಲೆಯಾಯಿತು!

ಕೌಂಟರ್‌ಸಿಂಕ್ ಬಿಟ್ (ತೂತಿನ ಬಾಯಿಯನ್ನು ಓರೆಯಾಗಿ ಕೆತ್ತುವ ಶಂಕುವಿನಾಕಾರದ ಬಿಟ್) ಕಡಿಮೆ ವೇಗದಲ್ಲಿ ಬಳಸಿದರೆ ಸರಿಹೋಗುತ್ತದೆಯೇ? ತೂತು ಜಾಸ್ತಿ ಅಗಲವಾಗಬಾರದು, ರಿವೆಟ್ ಕೂರಬೇಕು. ಮುಂದಿನ ಸಲ ಕೆಳಗೆ ಮರದ ಹಲಗೆ ಬಿಗಿದು ಕೊರೆಯುತ್ತೇನೆ. ಈಗಿನದಕ್ಕೆ ದಾರಿ ಹೇಳಿ.