ರೆಟಿನೋಯಿಕ್ ಆಸಿಡ್ ಮತ್ತು ಇಆರ್‌ಕೆ: ಒಂದು ಗೊಂದಲ

ಹಾಸನದ ಎಂಎಸ್ಸಿ ಹುಡುಗಿ: ಎಚ್‌ಎಲ್-60 ರಕ್ತ ಕ್ಯಾನ್ಸರ್ ಕೋಶಕ್ಕೆ ವಿಟಮಿನ್ ಎ ಯಿಂದ ಬರುವ ರೆಟಿನೋಯಿಕ್ ಆಸಿಡ್ ಹಾಕಿದರೆ ಇಆರ್‌ಕೆ ಕಿಣ್ವ ಚುರುಕಾಗುತ್ತದೆ. ಅದು ಕೋಶ ಬೆಳೆಸುವ ಕಿಣ್ವ ಅಲ್ವಾ? ಮತ್ತೆ ಬೆಳವಣಿಗೆ ನಿಲ್ಲುವುದೇಕೆ? ಸೋಮವಾರ ಸೆಮಿನಾರ್ ಸಾರ್, ತಲೆ ಕೆಟ್ಟಿದೆ.

ಉತ್ತರ: ಎಷ್ಟು ಹೊತ್ತು ಚುರುಕಾಗಿರುತ್ತದೆ ನೋಡಮ್ಮ. ಸಾಮಾನ್ಯವಾಗಿ ಸ್ವಲ್ಪ ಹೊತ್ತು ಏರಿ ಇಳಿದರೆ ವಿಭಜನೆ. ಇಲ್ಲಿ ಗಂಟೆಗಟ್ಟಲೆ ಇಳಿಯುವುದೇ ಇಲ್ಲ. ಕೋಶ ವಿಭಜನೆ ಬಿಟ್ಟು ಗ್ರಾನ್ಯುಲೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ತರಹ ಬಲಿಯುತ್ತದೆ. ಇಆರ್‌ಕೆಯನ್ನು ಚುರುಕು ಮಾಡುವ ಎಂಇಕೆ ಕಿಣ್ವವನ್ನು ಪಿಡಿ98059 ಎಂಬ ರಾಸಾಯನಿಕ ಹಾಕಿ ತಡೆದರೆ ಬಲಿಯುವುದೂ ನಿಲ್ಲುತ್ತದೆ. ಸ್ಲೈಡಿನಲ್ಲಿ ಇದನ್ನೇ ಹಾಕು, ಗೈಡ್ ಸುಮ್ನಾಗ್ತಾರೆ.

ಚಿಕ್ಕಮಗಳೂರಿನಿಂದ ಇನ್ನೊಬ್ಬರು: ಆಸಿಡ್ ಕರಗಿಸುವುದು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಅಲ್ವಾ? ಅದು ಶೇ 1.25ರಷ್ಟಿದ್ದರೆ ಅದೊಂದೇ ಎಚ್‌ಎಲ್-60 ಅನ್ನು ಬಲಿಯಿಸುತ್ತದೆ! ಶೇ 0.1 ದಾಟಿಸಬೇಡಿ, ಕಂಟ್ರೋಲ್‌ಗೂ (ಹೋಲಿಕೆಗೆ ಇಟ್ಟ, ಆಸಿಡ್ ಹಾಕದ ಕೋಶಗಳಿಗೂ) ಅಷ್ಟೇ ಡಿಎಂಎಸ್‌ಒ ಹಾಕಿ. ಟ್ಯೂಬಿಗೆ ಫಾಯಿಲ್ ಸುತ್ತಿ, ಬೆಳಕಿಗೆ ಆಸಿಡ್ ಬೇಗ ಕೆಡುತ್ತದೆ.