ನಾಲ್ಕು ಮನೆ, ಒಂದೇ ಗೋಡೆ: ಬೂಷ್ಟಿನ ವಿಚಾರ, ಬಾಡಿಗೆಯವರೂ ಓನರ್‌ಗಳೂ ಓದಿ

ಬಿ-304 (ಬಾಡಿಗೆ)
ಎಲ್ಲರಿಗೂ ನಮಸ್ಕಾರ. ಮಲಗುವ ಕೋಣೆಯ ಕಪಾಟು ತೆಗೆದರೆ ಮುಗ್ಗಲು ವಾಸನೆ. ಮದುವೆ ಸೀರೆಯ ಮಡಿಕೆಯಲ್ಲಿ ಬಿಳಿ ಬೂಷ್ಟು, ಬೆಲ್ಟ್ ಹಸಿರಾಗಿದೆ, ಕಪಾಟಿನ ಹಿಂದೆ ಗೋಡೆ ತುಂಬ ಕಪ್ಪು ಚುಕ್ಕೆ. ಎರಡು ಸಲ ಒರೆಸಿದೆ, ಹತ್ತು ದಿನಕ್ಕೆ ಮತ್ತೆ ಬಂತು. ಓನರ್‌ಗೆ ಫೋಟೋ ಕಳಿಸಿದರೆ "ಒಳಗೆ ಬಟ್ಟೆ ಒಣಗಿಸ್ತೀರಲ್ಲ, ಅದಕ್ಕೇ" ಅಂದರು. ಆಟಿ ತಿಂಗಳ ಜೋರು ಮಳೆಯಲ್ಲಿ ಮಂಗಳೂರಿನಲ್ಲಿ ಬಟ್ಟೆ ಮತ್ತೆ ಎಲ್ಲಿ ಒಣಗಿಸುವುದು ಮಾರಾಯ್ರೆ? ಇದು ನಮ್ಮ ಮನೆಯಲ್ಲಿ ಮಾತ್ರವಾ?

ಬಿ-204 (ಬಾಡಿಗೆ)
ನಮ್ಮಲ್ಲೂ ಅದೇ ಅಕ್ಕ. ಮನೆ ಕ್ಲೀನ್ ಇಡುವುದಿಲ್ಲ ಅಂದುಕೊಳ್ಳುತ್ತಾರೆ ಅಂತ ಸುಮ್ನೆ ಇದ್ದೆ. ಮಗನ ಕೆಮ್ಮು ಜಾಸ್ತಿ ಆಯಿತು ಅಂತ ಈಗ ಎಲ್ಲರೂ ಹಾಲ್‌ನಲ್ಲೇ ಮಲಗುತ್ತಿದ್ದೇವೆ.

ಎ-201 (ಬಾಡಿಗೆ)
ಹಿಂದಿನ ಬಾಡಿಗೆ ಮನೆಯಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ಬೂಷ್ಟಿನ ಮೇಲೇ ಪೇಂಟ್ ಹೊಡೆಸಿದೆ, ನನ್ನ ದುಡ್ಡಲ್ಲೇ. ಮುಂದಿನ ಮಳೆಗೆ ಪೇಂಟ್ ಹಪ್ಪಳದ ಹಾಗೆ ಎದ್ದು ಬಂತು. ಖಾಲಿ ಮಾಡುವಾಗ ಗೋಡೆ ಹಾಳು ಮಾಡಿದ್ದೀರಿ ಅಂತ ಡೆಪಾಸಿಟ್‌ನಲ್ಲೂ ಹಿಡಿದರು. ಒಂದು ಫೋಟೋ ಕೂಡ ಇರಲಿಲ್ಲ ನನ್ನ ಹತ್ತಿರ.

ಬಿ-101 (ಓನರ್)
ನಾನು ಕಟ್ಟಡದ ಕೆಲಸ ಮಾಡಿಸಿ ನಿವೃತ್ತನಾದವನು, ಆದ್ದರಿಂದ ಸ್ವಲ್ಪ ಉದ್ದ ಆಗುತ್ತದೆ. ಒರೆಸುವ ಮೊದಲು ನೀರು ಎಲ್ಲಿಂದ ಅಂತ ನೋಡಿ. ಚುಕ್ಕೆಯ ಪಕ್ಕದಲ್ಲಿ ಗೋಡೆಯ ಮೇಲ್ಮೈ ಒಣಗಿಸಿ, ಅಡುಗೆಮನೆಯ ಫಾಯಿಲ್ ಒಂದು ಅಡಿ ಕತ್ತರಿಸಿ, ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಎರಡು ದಿನ ಬಿಡಿ. ಫಾಯಿಲ್‌ನ ಹೊರಮೈಯಲ್ಲಿ ಪಸೆ ಇದ್ದರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ. ಗೋಡೆಗೆ ತಾಗಿದ ಕಡೆ ಪಸೆ ಇದ್ದರೆ ಗೋಡೆಯೇ ನೀರು ಕುಡಿದಿದೆ. ನಮ್ಮದು ಕೆಂಪುಕಲ್ಲಿನ ಗೋಡೆ. ಸಾರಣೆ ಬಿರುಕು ಬಿಟ್ಟರೆ ಸಾಕು, ಎಳೆದುಕೊಳ್ಳುತ್ತದೆ.
ಇನ್ನೊಂದು, ಗೋಡೆಯ ಬಿಳಿ ಹುಡಿಯೆಲ್ಲ ಬೂಷ್ಟಲ್ಲ. ನೀರು ಚಿಮುಕಿಸಿ. ಕರಗಿ ಹೋದರೆ ಅದು ಗೋಡೆಯೊಳಗಿನ ಉಪ್ಪು. ಅದೂ ನೀರು ಬರುತ್ತಿದೆ ಎಂಬುದಕ್ಕೇ ಗುರುತು.

ಬಿ-304
ಅಂಕಲ್, ಥ್ಯಾಂಕ್ಸ್. ಯಾರ ಮನೆಯಲ್ಲಿ ತೊಂದರೆ ಇದೆಯೋ ಅವರೆಲ್ಲ ಇವತ್ತೇ ಫಾಯಿಲ್ ಅಂಟಿಸಿ. ಗೋಡೆ ಯಾವ ದಿಕ್ಕಿನದು ಅಂತ ಬರೆದು, ತಾರೀಖು ಕಾಣುವ ಹಾಗೆ ಫೋಟೋ ಇಲ್ಲಿ ಹಾಕಿ. ಮೊದಲು ಫೋಟೋ, ಆಮೇಲೆ ಒರೆಸುವುದು.

(ಮೂರು ದಿನದ ನಂತರ)

ಎ-102 (ಬಾಡಿಗೆ)
ನಮ್ಮದು ಹೊರಮೈ ಪಸೆ. ಹಾಗಾಗಿ ತಪ್ಪು ನಮ್ಮದೇ, ಒಪ್ಪಿಕೊಂಡೆ! ರಾತ್ರಿ ಎಸಿ, ಬೆಳಿಗ್ಗೆ ಕಿಟಕಿ ತೆಗೆಯುವುದು, ಅದೇ ಕೋಣೆಯಲ್ಲಿ ಬಟ್ಟೆ. ತಣ್ಣಗಾದ ಗೋಡೆಗೆ ಹೊರಗಿನ ತೇವದ ಗಾಳಿ ತಾಗಿದರೆ ನೀರಾಗದೆ ಇನ್ನೇನು. ಈಗ ಬಟ್ಟೆಯನ್ನು ಬಾತ್‌ರೂಮಿಗೆ ಹಾಕಿ, ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಬಿಡುತ್ತಿದ್ದೇವೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ತಂದೆವು. ವಾಸನೆ ಆಗಲೇ ಕಡಿಮೆ.

ಬಿ-304
ಉಳಿದ ಫೋಟೋ ನೋಡಿದೆ. ಬಿ-104, 204, 304: ಮೂರರಲ್ಲೂ ಫಾಯಿಲ್‌ನ ಒಳಗೆ ನೀರು. ಮೂರೂ ಬಾತ್‌ರೂಮಿನ ಪಕ್ಕದ ಪಶ್ಚಿಮ ಗೋಡೆ. 404ರಲ್ಲೂ ಅದೇ ಮೂಲೆಯಲ್ಲಿ ಸಣ್ಣ ಕಲೆ ಇದೆಯಂತೆ. ಒಬ್ಬೊಬ್ಬರಿಗೂ "ನಿಮ್ಮ ಬಟ್ಟೆಯಿಂದ" ಅಂತ ಹೇಳಿದ್ದಾರೆ. ನಾಲ್ಕು ಮನೆಯ ಬಟ್ಟೆ ಒಂದೇ ಗೋಡೆಯನ್ನು ಹುಡುಕಿಕೊಂಡು ಹೋಗುತ್ತದಾ?

ಬಿ-404 (ಓನರ್)
ಇದನ್ನು ಅಸೋಸಿಯೇಷನ್‌ನಲ್ಲಿ ಮಾತಾಡಬೇಕು. ಅಲ್ಲಿ ಸದಸ್ಯರು ಓನರ್‌ಗಳು. ಬಾಡಿಗೆಯವರು ತಮ್ಮ ತಮ್ಮ ಓನರ್‌ಗೆ ಹೇಳಲಿ.

ಬಿ-204
ಹೇಳಿ ಎರಡು ತಿಂಗಳಾಯಿತು ಸರ್. ಅವರಿರುವುದು ದುಬೈಯಲ್ಲಿ. ಗೋಡೆ ನೋಡಿಯೇ ಇಲ್ಲ.

ಎ-303 (ಓನರ್)
ಫೋನಲ್ಲಿ ಹೇಳಿದ್ದು ನಿಲ್ಲುವುದಿಲ್ಲ, ಬರವಣಿಗೆಯಲ್ಲಿ ಕೊಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಓನರ್ ಮಾಡಿಸದಿದ್ದರೆ ಬಾಡಿಗೆಯವರೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು. ಆದರೆ ಅಗ್ರಿಮೆಂಟಿನಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತದೆ. ಅದನ್ನು ಓದದೆ ಬಾಡಿಗೆ ಹಿಡಿಯಲು ಹೋಗಬೇಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪ್ ಬದಲಿಸುವುದನ್ನು ಓನರ್ ಲೆಕ್ಕಕ್ಕೇ ಹಾಕುತ್ತದೆ. ಅದು ಮಾದರಿ ಮಾತ್ರ, ಆದರೂ ಪತ್ರದಲ್ಲಿ ಬರೆದರೆ ತೂಕ ಬರುತ್ತದೆ.

ಬಿ-101
ಬರೀ ಪಶ್ಚಿಮ ಗೋಡೆ ಅಂದರೆ ಮಳೆಗಾಳಿ ನೇರ ಹೊಡೆಯುವ ಕಡೆ. ಹೊರಗಿನ ಬಿರುಕು ಇರಬಹುದು, ಟೆರೇಸಿನಿಂದ ಮಳೆನೀರು ಇಳಿಯುವ ಪೈಪ್ ಇರಬಹುದು, ಬಾತ್‌ರೂಮಿನ ಪೈಪೂ ಇರಬಹುದು. ಮಳೆ ಬಿಟ್ಟ ದಿನವೂ ಕಲೆ ದೊಡ್ಡದಾದರೆ ಬಾತ್‌ರೂಮಿನ ಮೇಲೆ ಅನುಮಾನ. ಮೇಲಿನ ಮನೆಯ ಬಾತ್‌ರೂಮಿನಲ್ಲಿ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರು ನಿಲ್ಲಿಸಿ. ಕೆಳಗೆ ನೀಲಿ ಕಂಡರೆ ಗ್ಯಾರಂಟಿ. ವಾಟರ್‌ಪ್ರೂಫಿಂಗ್ ಮಾತ್ರ ಈಗ ಯಾರೇ ಬಂದು ಮಾಡುತ್ತೇವೆ ಅಂದರೂ ಬೇಡ. ಹಸಿ ಗೋಡೆಗೆ ಅದು ಹಿಡಿಯುವುದಿಲ್ಲ.

ಬಿ-104 (ಬಾಡಿಗೆ)
ಅಲ್ಲಿಯವರೆಗೆ ಒರೆಸುವುದು ಹೇಗೆ? ಪಕ್ಕದ ಬೀದಿಯವರು ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಕ್ಲೀನರ್ ಬೆರೆಸಿ ಹಾಕಿ ಅಂದರು.

ಬಿ-304
ಅಯ್ಯೋ ಬೇಡ! ಟಾಯ್ಲೆಟ್ ಕ್ಲೀನರ್‌ನಲ್ಲಿ ಆಸಿಡ್ ಇರುತ್ತದೆ. ಬ್ಲೀಚಿಂಗ್ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ. ನಾನು ಮಾಡುತ್ತಿರುವುದು ಇಷ್ಟೇ: ಎನ್-95 ಮಾಸ್ಕ್, ಗ್ಲೌಸ್, ಮಕ್ಕಳು ಹೊರಗೆ. ಒಣಗಿದ್ದನ್ನು ಗುಡಿಸುವುದಿಲ್ಲ, ಹುಡಿ ಮನೆಯೆಲ್ಲ ಹಾರುತ್ತದೆ. ಸೋಪಿನ ನೀರಿನಲ್ಲಿ ಒದ್ದೆ ಮಾಡಿ ಉಜ್ಜಿ, ಒರೆಸಿ, ಫ್ಯಾನ್ ಹಾಕಿ ಒಣಗಿಸುವುದು. ಆ ಬಟ್ಟೆ ಕಸಕ್ಕೆ. 10 ಚದರ ಅಡಿಗಿಂತ ಜಾಸ್ತಿ ಹಬ್ಬಿದ್ದರೆ ಕೈ ಹಾಕಬೇಡಿ, ಗೊತ್ತಿರುವವರನ್ನು ಕರೆಸಬೇಕು. ಕರ್ಪೂರ ಇಟ್ಟರೆ ವಾಸನೆ ಮುಚ್ಚುತ್ತದೆ, ತೇವ ಹೋಗುವುದಿಲ್ಲ.
ಈ ಭಾನುವಾರ ಬೆಳಿಗ್ಗೆ 10ಕ್ಕೆ ಟೆರೇಸ್. ಅಂಕಲ್ ಪೈಪ್ ನೋಡುತ್ತಾರೆ, ನಾನು ನೀಲಿ ಬಾಟಲಿ ತರುತ್ತೇನೆ, 204 ಫೋಟೋ ತೆಗೆಯಲಿ. ಪತ್ರ ಎ-303 ಬರೆದುಕೊಡುತ್ತಾರೆ. ನಾಲ್ಕೂ ಮನೆಯವರ ಸಹಿ ಹಾಕಿ ಓನರ್‌ಗಳಿಗೂ ಅಸೋಸಿಯೇಷನ್‌ಗೂ ಒಂದೊಂದು ಪ್ರತಿ. 404 ಸರ್, ನಿಮ್ಮ ಬಾತ್‌ರೂಮಿನಿಂದಲೇ ಶುರು ಮಾಡಬೇಕಾಗುತ್ತದೆ.

ಬಿ-404
ಬೀಗದ ಕೈ ನನ್ನ ಹತ್ತಿರ ಇದೆ, 9:30ಕ್ಕೆ ಟೆರೇಸ್ ತೆಗೆದಿಡುತ್ತೇನೆ. ನೀಲಿ ಮಾತ್ರ ಸ್ವಲ್ಪವೇ ಹಾಕಿ. ನಮ್ಮದು ಬಿಳಿ ಟೈಲ್ಸ್.